ಗುಂಪು ಚಿಕಿತ್ಸೆಯಲ್ಲಿ ಮಾನಸಿಕ ಗಡಿ ಎಂದರೇನು?

ಹಲವರು ಚಿಕಿತ್ಸಕರೊಂದಿಗೆ ಕುಳಿತು ಮನಸ್ಸಿನ ನೋವನ್ನು ಹಂಚಿಕೊಳ್ಳುವ ಗುಂಪು ಚಿಕಿತ್ಸೆಯಲ್ಲಿ ಗಡಿ ಕಾಯ್ದುಕೊಳ್ಳುವುದೆಂದರೆ ಬಾಯಿ ಮುಚ್ಚಿ ಕೂರುವುದೇ ಎಂದು ಕೇಳಿದ್ದೀರಿ. ಹಾಗಲ್ಲ. ಏನನ್ನು, ಎಷ್ಟು, ಯಾವಾಗ ಹೇಳಿಕೊಳ್ಳಬೇಕೆಂಬ ನಿರ್ಧಾರ ನಿಮ್ಮ ಕೈಯಲ್ಲೇ ಉಳಿಯುವುದು ಮತ್ತು ಇನ್ನೊಬ್ಬರ ನೋವನ್ನು ಕೇಳಿಸಿಕೊಂಡೂ ಅದನ್ನು ಪರಿಹರಿಸುವ ಹೊಣೆಯನ್ನು ಹೊತ್ತುಕೊಳ್ಳದಿರುವುದು ಇದರ ತಿರುಳು. ವೃತ್ತಾಕಾರವಾಗಿ ಕುಳಿತ ಏಳೆಂಟು ಜನರಲ್ಲಿ ಒಬ್ಬರು ಅಳತೊಡಗಿದಾಗ ಪಕ್ಕದವರು ತಕ್ಷಣ ಕರವಸ್ತ್ರ ಚಾಚಿ ಸಮಾಧಾನಕ್ಕಿಳಿಯುವುದುಂಟು. ಅದು ಕರುಣೆಯಂತೆ ಕಂಡರೂ, ಎಷ್ಟೋ ಸಲ ಆ ಅಳುವನ್ನು ತಾಳಲಾರದ ತಮ್ಮದೇ ಕಳವಳವನ್ನು ತಣಿಸಿಕೊಳ್ಳುವ ಯತ್ನವಾಗಿರುತ್ತದೆ. ನುರಿತ ಚಿಕಿತ್ಸಕರು ಆಗ ಸಮಾಧಾನಕ್ಕಿಳಿದವರನ್ನು ಗದರದೆ, “ಈಗ ನಿಮ್ಮೊಳಗೆ ಏನಾಗುತ್ತಿದೆ?” ಎಂದು ಕೇಳುತ್ತಾರೆ. ಗೋಪ್ಯತೆಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ: ಚಿಕಿತ್ಸಕರನ್ನು ವೃತ್ತಿನಿಯಮ ಕಟ್ಟಿಹಾಕುತ್ತದೆ, ಸಹಸದಸ್ಯರನ್ನು ಬಹುಮಟ್ಟಿಗೆ ಪರಸ್ಪರ ಒಪ್ಪಂದವಷ್ಟೇ. ಆದ್ದರಿಂದ ಮೊದಲ ಭೇಟಿಯಲ್ಲೇ ಎಲ್ಲವನ್ನೂ ಬಿಚ್ಚಿಡಬೇಕಿಲ್ಲ. “ಇದನ್ನು ಇಂದು ಹೇಳಲಾರೆ” ಎನ್ನಲು ನಿಮಗೆ ಪೂರ್ಣ ಹಕ್ಕಿದೆ.