ಹದ್ದು ಹೊದ್ದವರು

ಪ್ರಶ್ನೆ: ಜಪಾನಿ ಭಾಷೆ ಕಲಿಯುತ್ತಿದ್ದೇನೆ. ಹಳೇ ನಿಘಂಟು ನೋಡಿ ಕೋಟಿಗೆ ‘ಗಾಯ್ತೋ’ ಅಂದೆ. ಟೀಚರ್ ನಕ್ಕುಬಿಟ್ಟರು. ನನ್ನ ತಪ್ಪೇನು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಪ್ಪೇನೂ ಇಲ್ಲ, ಪದಕ್ಕೆ ವಯಸ್ಸಾಗಿದೆ ಅಷ್ಟೇ. ಇವತ್ತು ಯಾರಾದರೂ ಪ್ಯಾಂಟಿಗೆ ‘ಷರಾಯಿ’ ಅಂದರೆ ನಾವೂ ನಗುತ್ತೇವೆ, ಅಲ್ವಾ? ಗಾಯ್ತೋ ಅಂದರೆ ‘ಹೊರಗಿನ ಹೊದಿಕೆ’. ಮೇಜಿ ಕಾಲದ (1868–1912) ಗತ್ತಿನ ಪದ. ಆಮೇಲೆ ಇಂಗ್ಲಿಷಿನ ಓವರ್‌ಕೋಟು ಬಾಲ ಕತ್ತರಿಸಿಕೊಂಡು ‘ಓಬಾ’ ಆಯಿತು. ಈಗ ಅದೂ ಅಜ್ಜಂದಿರ ಮಾತು. ಹುಡುಗರ ಬಾಯಲ್ಲಿ ಬರೀ ‘ಕೋತೊ’. ಬಟ್ಟೆ ಅದೇ, ಹೆಸರು ಮಾತ್ರ ಹಳತಾಗುತ್ತಾ ಹೋಯಿತು.

ಬಟ್ಟೆಯ ಜೊತೆಗೇ ಮರೆಯಾದ ಹೆಸರುಗಳೂ ಇವೆ. ಅವುಗಳಲ್ಲಿ ನನಗೆ ಇಷ್ಟವಾದದ್ದು ‘ತೊಂಬಿ’, ಅಂದರೆ ಹದ್ದು. ಜಪಾನಿಯರ ಸಾಂಪ್ರದಾಯಿಕ ನಿಲುವಂಗಿ ಕಿಮೋನೊದ ತೋಳು ಚೀಲದಷ್ಟು ಅಗಲ. ಅದರ ಮೇಲೆ ಪಾಶ್ಚಾತ್ಯರ ಕೋಟು ಹಾಕಲು ಹೋದರೆ ತೋಳಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆ ಜಪಾನಿಯರು ಸ್ಕಾಟ್ಲೆಂಡಿನ ಇನ್ವರ್ನೆಸ್ ಕೋಟನ್ನು ಆರಿಸಿಕೊಂಡರು. ತೋಳು ತೆಗೆದರು. ಹೆಗಲಿಂದ ಇಳಿಬೀಳುವ ಅಗಲದ ಹೊದಿಕೆಯನ್ನು ಉಳಿಸಿಕೊಂಡರು. ಕೈ ಚಾಚಿದರೆ ಥೇಟ್ ಹದ್ದಿನ ರೆಕ್ಕೆ! ಇದಕ್ಕೇ ‘ನಿಜೂಮವಾಶಿ’ ಅನ್ನುವ ಹೆಸರೂ ಇತ್ತು, ‘ಎರಡು ಸುತ್ತು’ ಅಂತ. ಗಂಡಸರು ದಿನವೂ ಕಿಮೋನೊ ಉಡುವುದು ನಿಂತಿತು, ಹದ್ದೂ ಹಾರಿಹೋಯಿತು.

ಮಳೆಗೆ ಹೊದೆಯುವ ‘ಕಪ್ಪ’ದ ಕಥೆ ನಮ್ಮ ಪಕ್ಕದ ಗೋವಾವನ್ನು ಮುಟ್ಟಿಕೊಂಡು ಹೋಗುತ್ತದೆ. ಪೋರ್ಚುಗೀಸರು 1543ರಲ್ಲಿ ಜಪಾನ್ ತಲುಪಿದರು. ಮುಂದೆ ಅವರ ಹಡಗುಗಳು ಗೋವಾದಿಂದ ಅಲ್ಲಿಗೆ ಹೋಗಿಬರುತ್ತಿದ್ದವು. ಅವರ ಪಾದ್ರಿಗಳು ಹೊದೆಯುತ್ತಿದ್ದ ‘ಕಾಪಾ’ ಜಪಾನಿಯರ ಬಾಯಲ್ಲಿ ‘ಕಪ್ಪ’ ಆಯಿತು. ಮೊದಮೊದಲು ಅದು ಉಣ್ಣೆಯದು, ಸಿರಿವಂತರ ಸೊತ್ತು. ಜನಸಾಮಾನ್ಯರು ಕಾಗದಕ್ಕೆ ಎಣ್ಣೆ ಬಳಿದು ಮಳೆಗೆ ಹೊದ್ದರು. ಹೀಗೇ ಬಂದ ಗೋವಾದ ಪಾವ್, ಜಪಾನಿನ ‘ಪನ್’, ಎರಡೂ ಪೋರ್ಚುಗೀಸರ ಬ್ರೆಡ್ಡೇ. (ಜಪಾನಿ ಕಥೆಗಳ ನೀರಿನ ಭೂತವೂ ‘ಕಪ್ಪ’ವೇ. ಅದು ಬೇರೆ ಪದ, ಗೊಂದಲ ಬೇಡ.)

ಅದಕ್ಕೂ ಹಿಂದಿನಿಂದ ಇದ್ದದ್ದು ಹುಲ್ಲಿನ ‘ಮಿನೊ’. ನೀವು ಮಲೆನಾಡಿನವರು. ಮಳೆಗೆ ಗೊರಬು ಹೊದ್ದು ನಾಟಿ ಮಾಡುವವರನ್ನು ನೆನಪಿಸಿಕೊಳ್ಳಿ, ಅದರ ಉಪಯೋಗ ತಾನಾಗಿ ತಿಳಿಯುತ್ತದೆ.

ಇನ್ನು ನಿಮ್ಮ ಗಾಯ್ತೋ ಪೂರ್ತಿ ಸತ್ತಿಲ್ಲ. ಟೀಚರಿಗೆ ಇದನ್ನು ಹೇಳಿ ನೋಡಿ: ಜೀವಶಾಸ್ತ್ರದಲ್ಲಿ ಬೊಂಡಾಸ್ (ಸ್ಕ್ವಿಡ್) ಮೀನಿನ ಮೈ ಮುಚ್ಚುವ ದಪ್ಪ ಪದರಕ್ಕೆ ಇವತ್ತಿಗೂ ‘ಗಾಯ್ತೋಮಕು’ ಎಂದೇ ಹೆಸರು.