ತಂದೆಗೆ ಮತ್ತೆ ನಾಳೆಯ ಮೇಲೆ ಆಸೆ ಹುಟ್ಟೀತೇ?

ತಾಯಿ ತೀರಿಕೊಂಡು ಎಂಟು ತಿಂಗಳಾದರೂ ಎಪ್ಪತ್ತೆರಡು ವರ್ಷದ ತಂದೆ "ಇನ್ನೇನಿದೆ ನನಗೆ" ಎನ್ನುತ್ತಾರೆ, ಅವರಲ್ಲಿ ಭರವಸೆ ತುಂಬುವುದು ಹೇಗೆ ಎಂದು ಕೇಳಿದ್ದೀರಿ. ಓದಿ ಕರುಳು ಚುರುಕ್ಕೆಂದಿತು.

ಅಪ್ಪ ಹೋದ ಮೇಲೆ ನನ್ನ ಅಮ್ಮ ಐದು ತಿಂಗಳು ಕ್ಯಾಲೆಂಡರಿನ ಹಾಳೆಯನ್ನೇ ತಿರುವಲಿಲ್ಲ. "ಧೈರ್ಯವಾಗಿರಮ್ಮ" ಎಂದು ನಾವು ಹೇಳಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ಕೊನೆಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದಾಗ ತಾನೇ ಎದ್ದು ಹೋಗಿ, ಐದೂ ಹಾಳೆ ತಿರುವಿ, ಆ ತಾರೀಖಿಗೆ ಪೆನ್ಸಿಲಿನಿಂದ ಸುತ್ತು ಹಾಕಿದಳು.

ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ನೈಡರ್ 1991ರಲ್ಲಿ ಭರವಸೆಯನ್ನು ಎರಡು ಎಳೆಗಳಾಗಿ ಬಿಡಿಸಿ ತೋರಿಸಿದರು: ಗುರಿ ಮುಟ್ಟಬಲ್ಲೆನೆಂಬ ಛಲ, ಮುಟ್ಟುವ ದಾರಿಗಳನ್ನು ಕಾಣುವ ಶಕ್ತಿ. ಸಂಗಾತಿ ಹೋದಾಗ ಗುರಿಯೇ ಕಳೆದುಹೋಗುತ್ತದೆ, ಏಕೆಂದರೆ ಅದುವರೆಗಿನ ಗುರಿಗಳೆಲ್ಲ ಇಬ್ಬರದ್ದೂ ಆಗಿದ್ದವು. ಹಾಗಾಗಿ ದೊಡ್ಡ ಮಾತು ಬೇಡ. ಅವರೇ ಆರಿಸಿಕೊಂಡ, ಎರಡು ವಾರದೊಳಗೆ ಮುಗಿಯುವ ಒಂದು ಕೆಲಸ ಸಾಕು. ಮನೆಯ ಲೆಕ್ಕಪತ್ರ ಅವರದಾಗಿದ್ದರೆ, ಪಾಪ ಎಂದು ದಯವಿಟ್ಟು ಕಿತ್ತುಕೊಳ್ಳಬೇಡಿ.

ನಡುನಡುವೆ ಅತ್ತರೆ ಅಳಲಿ. ದುಃಖಕ್ಕೂ ದಿನದ ಬದುಕಿಗೂ ನಡುವೆ ಹೀಗೆ ತೂಗಾಡುವುದೇ ಸಹಜ ಎಂದು ಅಗಲಿಕೆಯ ದುಃಖವನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲೇ ವಿವರಿಸಿದ್ದಾರೆ. ಆದರೆ ಊಟ, ನಿದ್ದೆ ತೀರಾ ಕೆಟ್ಟಿದ್ದರೆ, ಸಾಯುವ ಮಾತು ಬಂದರೆ, ಒಂದು ದಿನವೂ ಕಾಯದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಇನ್ನೊಂದು, ಅವರೆದುರು ತಾಯಿಯ ಹೆಸರೆತ್ತಲು ಹಿಂಜರಿಯಬೇಡಿ. ಅವರು ಅದನ್ನೇ ಕಾಯುತ್ತಿರಬಹುದು.