ದೂಳಿಗೆ ಮೂರೇ ಸಾಲು ಯಾಕೆ?

ಪ್ರಿಯ ಲೇಖಕರೇ,

ಬ್ರಹ್ಮಾಂಡದ ಆರಂಭದಲ್ಲಿ ಎದ್ದ, ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತ ಸಾಗುವ ಗುರುತ್ವ ಅಲೆಗಳ ಹುಡುಕಾಟದ ಬಗ್ಗೆ ನೀವು ಕಳಿಸಿದ ಆರು ಪುಟಗಳನ್ನು ಓದಿದೆ. ಎರಡು ಸಲ ಓದಿದೆ. ಭಾಷೆ ಸರಾಗವಾಗಿದೆ. ಬಿಸಿಲು ಕನ್ನಡಕವನ್ನು ಓರೆ ಮಾಡಿ ಹಿಡಿಯುವ ಉದಾಹರಣೆಯಿಂದ ಬೆಳಕಿನ ಧ್ರುವೀಕರಣವನ್ನು, ಅಂದರೆ ಬೆಳಕಿನ ಕಂಪನ ಒಂದೇ ದಿಕ್ಕಿಗೆ ಇರುವುದನ್ನು, ವಿವರಿಸಿದ್ದೀರಿ, ಅದು ಹಾಗೇ ಇರಲಿ. ಆದರೆ ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲು ಆಗುವುದಿಲ್ಲ. ತೊಡಕು ಇರುವುದು ಎರಡು ಕಡೆ. ಆ ಎರಡೂ ನನ್ನನ್ನು ತುಂಬ ಕಾಡಿದವು, ಅದಕ್ಕೇ ಇಷ್ಟು ಉದ್ದದ ಪತ್ರ.

ನಿಮ್ಮ ಮೊದಲ ವಾಕ್ಯ ಹೀಗಿದೆ: “ಬ್ರಹ್ಮಾಂಡದ ಮೊದಲ ಅಳು ಕೊನೆಗೂ ನಮಗೆ ಕೇಳಿಸಿತು.”

ಕೇಳಿಸಿಲ್ಲ. ಅಮೆರಿಕದ ಗುರುತ್ವ ಅಲೆ ಶೋಧಕ ಲೈಗೊ 2015ರ ಸೆಪ್ಟೆಂಬರ್ 14ರಂದು ಹಿಡಿದದ್ದು ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಅಲೆಯನ್ನು. ಆ ಘಟನೆ ನಡೆದದ್ದು ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಬ್ರಹ್ಮಾಂಡದ ವಯಸ್ಸು ಸುಮಾರು 1380 ಕೋಟಿ ವರ್ಷ. ಅಂದರೆ ಅದು ಹುಟ್ಟಿದಾಗಿನ ಅಳು ಅಲ್ಲವೇ ಅಲ್ಲ, ಬಹಳ ಈಚಿನ ಸದ್ದು. ‘ಕೇಳಿಸಿತು’ ಎಂಬ ಮಾತು ಲೈಗೊಗಾದರೂ ಸ್ವಲ್ಪ ಒಪ್ಪುತ್ತದೆ. ಆ ಅಲೆಯ ಕಂಪನ ಮನುಷ್ಯರ ಕಿವಿಗೆ ಕೇಳುವ ಮಟ್ಟದಲ್ಲೇ ಇತ್ತು. ಆದಿಯ ಅಲೆಗಳನ್ನು ಯಾರೂ ಕೇಳಲು ಹೊರಟಿಲ್ಲ. ಹಳೆಯ ಬೆಳಕಿನ ಮೇಲೆ ಅವು ಉಳಿಸಿರಬಹುದಾದ ಗುರುತನ್ನು ಹುಡುಕುತ್ತಿದ್ದಾರೆ, ಅಷ್ಟೇ.

ಎರಡನೇ ಪುಟದಲ್ಲಿ ಇದೇ ತಪ್ಪು ಇನ್ನೂ ಗಟ್ಟಿಯಾಗಿದೆ: “2014ರಲ್ಲಿ ದಕ್ಷಿಣ ಧ್ರುವದಲ್ಲಿ ಕಂಡ ಅಲೆಗಳನ್ನು ಮರುವರ್ಷ ಲೈಗೊ ಸಾಬೀತು ಮಾಡಿತು.” ಓದಿ ನಿಜಕ್ಕೂ ಬೇಸರವಾಯಿತು. ಈ ಎರಡಕ್ಕೂ ಸಂಬಂಧವೇ ಇಲ್ಲ. ಲೈಗೊದ ತೋಳು, ಅಂದರೆ ಲೇಸರ್ ಓಡುವ ಕೊಳವೆ, 4 ಕಿಲೋಮೀಟರ್ ಉದ್ದ. ಸೆಕೆಂಡಿಗೆ ಹತ್ತಾರು, ನೂರಾರು ಸಲ ಏರಿಳಿಯುವ ಅಲೆ ಅದಕ್ಕೆ ಸಿಗುತ್ತದೆ. ದಕ್ಷಿಣ ಧ್ರುವದವರು ಹುಡುಕುವ ಅಲೆಯ ಒಂದೇ ಒಂದು ಏರಿಳಿತ ಇವತ್ತು ನೂರಾರು ಕೋಟಿ ಜ್ಯೋತಿರ್ವರ್ಷ ಉದ್ದಕ್ಕೆ ಹಿಗ್ಗಿರುತ್ತದೆ. ಅದು ಹಾದುಹೋಗಲಿ ಅಂತ ಕಾಯುತ್ತ ಕೂರಲು ಯಾರಿಂದ ಸಾಧ್ಯ? ಅದಕ್ಕೇ ಮಹಾಸ್ಫೋಟವಾಗಿ ಸುಮಾರು 3 ಲಕ್ಷ 80 ಸಾವಿರ ವರ್ಷಗಳ ನಂತರ ಬಿಡುಗಡೆಯಾದ ಬೆಳಕನ್ನು ನೋಡುತ್ತಾರೆ. ಆರಂಭದಲ್ಲಿ ಬ್ರಹ್ಮಾಂಡ ದಿಢೀರನೆ ಉಬ್ಬಿದ್ದು ನಿಜವಾದರೆ, ಆಗ ಎದ್ದ ಅಲೆಗಳು ಈ ಬೆಳಕಿನ ಧ್ರುವೀಕರಣದಲ್ಲಿ ಒಂದು ಬಗೆಯ ಸುರುಳಿಯನ್ನು ಬಿಟ್ಟಿರಬೇಕು. ಅದಕ್ಕೆ ಬಿ-ಮೋಡ್ ಎನ್ನುತ್ತಾರೆ. ಇದು ನಿಮಗೆ ಗೊತ್ತಿದೆ, ಮೂರನೇ ಪುಟದಲ್ಲಿ ನೀವೇ ಸರಿಯಾಗಿ ಬರೆದಿದ್ದೀರಿ. ಹಾಗಿದ್ದೂ ಎರಡನೇ ಪುಟದಲ್ಲಿ ಯಾಕೆ ಕೈಬಿಟ್ಟಿರಿ?

ಮನೆಯಲ್ಲಿ ಮಾತಾಡುವಾಗ ನಾವು ಈ ತಪ್ಪು ಮಾಡುವುದಿಲ್ಲ. ನಾವೇ ನೋಡಿದ್ದರೆ ‘ಮಳೆ ಬಂತು’ ಅನ್ನುತ್ತೇವೆ. ಯಾರೋ ಹೇಳಿದ್ದಾದರೆ ‘ಬಂತಂತೆ’. ನೆಲ ಒದ್ದೆ ಇದ್ದರೆ ‘ಬಂದಿರಬೇಕು’. ಕ್ರಿಯಾಪದದ ಕೊನೆಯಲ್ಲೇ ನಮ್ಮ ಭಾಷೆ ಇಷ್ಟೆಲ್ಲ ಇಟ್ಟುಕೊಟ್ಟಿದೆ. ಬರೆಯಲು ಕೂತ ಕೂಡಲೇ ಅದನ್ನೆಲ್ಲ ಬಿಟ್ಟು ‘ಸಾಬೀತಾಗಿದೆ’ ಎಂಬ ಒಂದೇ ಪದ ಹಿಡಿಯುತ್ತೇವೆ. ನಿಮ್ಮ ಲೇಖನದಲ್ಲಿ ಅದು ಒಂಬತ್ತು ಸಲ ಬಂದಿದೆ. ಲೇಖನದಲ್ಲಿ ‘ಅಂತೆ’ ಸೇರಿಸಿ ಅಂತ ಹೇಳುತ್ತಿಲ್ಲ. ಯಾರು ಹೇಳಿದರು, ಏನನ್ನು ಅಳೆದು ಹೇಳಿದರು, ಅದು ಓದುಗರಿಗೆ ತಿಳಿಯಬೇಕು.

ಇದನ್ನು ನಾನು ಕಲಿತದ್ದು ಇದೇ ಸುದ್ದಿಯಿಂದ. 2014ರ ಮಾರ್ಚ್ 17ರಂದು ದಕ್ಷಿಣ ಧ್ರುವದ ದೂರದರ್ಶಕ ಬೈಸೆಪ್-2ರ ತಂಡದ ಘೋಷಣೆ ಬಂದಾಗ ನಾನು ಡೆಸ್ಕಿಗೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಖುಷಿಯಲ್ಲಿ ಕೈ ನಡುಗುತ್ತಿತ್ತು. “ಆದಿಯ ಅಲೆ ಸಿಕ್ಕಿತು” ಎಂದು ಶುರು ಮಾಡಿದೆ. ನಮ್ಮ ಹಿರಿಯ ಉಪಸಂಪಾದಕಿ ಪ್ರಿಂಟ್ ತಗೊಂಡು, ‘ಸಿಕ್ಕಿತು’ ಸುತ್ತ ಒಂದು ಗೆರೆ ಎಳೆದರು. “ಬೇರೆ ಯಾರಾದರೂ ನೋಡಿದ್ದಾರಾ?” ಅಂತ ಕೇಳಿದರು. “ಇನ್ನೂ ಇಲ್ಲ ಮೇಡಂ” ಅಂದೆ. “ಹಾಗಾದ್ರೆ ನೀನು ಹೇಗೆ ನೋಡಿದೆ?” ಅಂದರು. ಆಮೇಲೆ ಅದನ್ನು “ಸಿಕ್ಕಿದೆ ಎಂದು ತಂಡ ಹೇಳಿದೆ” ಎಂದು ತಿದ್ದಿದರು. ನನಗೆ ಎರಡು ದಿನ ಸಿಟ್ಟು. ಇಷ್ಟು ದೊಡ್ಡ ಸುದ್ದಿಯ ಜೀವವನ್ನೇ ತೆಗೆದುಬಿಟ್ಟರು ಅನಿಸಿತ್ತು. ಆ ಘೋಷಣೆ ನಿಲ್ಲುವುದಿಲ್ಲ ಎಂದು ತೋರಿಸಿದ, ಬೈಸೆಪ್-2 ಮತ್ತು ಪ್ಲಾಂಕ್ ಉಪಗ್ರಹದ ತಂಡಗಳ ಜಂಟಿ ವಿಶ್ಲೇಷಣೆ ಮುಂದಿನ ಜನವರಿಯಲ್ಲಿ ಬಂದ ದಿನ ಹಳೆಯ ಸಂಚಿಕೆ ತೆಗೆದು ಆ ಸಾಲು ನೋಡಿದೆ. ಅದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿರಲಿಲ್ಲ. ಅವರು ಆ ವಿಷಯವನ್ನು ಮತ್ತೆ ಎತ್ತಲೂ ಇಲ್ಲ.

ಈಗ ಎರಡನೇ ಜಾಗ. ನಾಲ್ಕನೇ ಪುಟದಲ್ಲಿ ಬರೆದಿದ್ದೀರಿ: “ದೂಳಿನಿಂದಾಗಿ ಸ್ವಲ್ಪ ಗೊಂದಲವಾಯಿತು. ಅಳತೆ ತಪ್ಪಾಗಿತ್ತು. ವಿಜ್ಞಾನಿಗಳು ಅದನ್ನು ಸರಿಪಡಿಸಿಕೊಂಡರು.” ಮೂರು ಸಾಲು, ಮುಗಿಯಿತು! ಇಡೀ ಕಥೆ ಇರುವುದೇ ಅಲ್ಲಿ.

“ದೂಳು” ಅಂದರೆ ಯಾವ ದೂಳು? ಓದುವವರು ದೂರದರ್ಶಕದ ಮೇಲೆ ಕೂತ ದೂಳು ಅಂದುಕೊಳ್ಳುತ್ತಾರೆ. ಇದು ನಮ್ಮ ಆಕಾಶಗಂಗೆಯಲ್ಲಿ ನಕ್ಷತ್ರಗಳ ನಡುವೆ ಹರಡಿರುವ ತಣ್ಣಗಿನ ಸಣ್ಣ ಕಣಗಳು. ಅವು ಅಲ್ಲಿನ ಕಾಂತಕ್ಷೇತ್ರಕ್ಕೆ ಅನುಗುಣವಾಗಿ ಒಂದು ದಿಕ್ಕಿಗೆ ಹೊಂದಿಕೊಂಡು ನಿಲ್ಲುತ್ತವೆ. ಅದರಿಂದ ಅವು ಸೂಸುವ ಬೆಳಕೂ ಧ್ರುವೀಕರಣಗೊಂಡಿರುತ್ತದೆ. ಅದರಲ್ಲೂ ಸುರುಳಿ ಇರುತ್ತದೆ.

“ಅಳತೆ ತಪ್ಪಾಗಿತ್ತು.” ಇಲ್ಲ, ಈ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಅಳತೆ ಸರಿಯಾಗಿಯೇ ಇತ್ತು. ಆ ಸುರುಳಿ ಆಕಾಶದಲ್ಲಿ ನಿಜಕ್ಕೂ ಇದೆ. ಅದು ಎಲ್ಲಿಂದ ಬಂತು ಎಂಬ ಉತ್ತರ ಮಾತ್ರ ನಿಲ್ಲಲಿಲ್ಲ. ಬೈಸೆಪ್-2 ನೋಡಿದ್ದು 150 ಗಿಗಾಹರ್ಟ್ಸ್ ಎಂಬ ಒಂದೇ ಆವರ್ತನದಲ್ಲಿ, ಅಂದರೆ ಒಂದೇ ಬಣ್ಣದಲ್ಲಿ. ಒಂದೇ ಬಣ್ಣದಲ್ಲಿ ನೋಡಿದರೆ ಹತ್ತಿರದ ದೂಳು ಯಾವುದು, ದೂರದ ಬೆಳಕು ಯಾವುದು ಅಂತ ಬೇರೆ ಮಾಡುವುದು ಕಷ್ಟ. ತಂಡದವರು ದೂಳನ್ನು ಮರೆತಿರಲಿಲ್ಲ. ದೂಳು ಕಡಿಮೆ ಅಂದುಕೊಂಡ ಆಕಾಶದ ತುಂಡನ್ನೇ ಆರಿಸಿದ್ದರು. ಆದರೆ ಅಲ್ಲಿನ ದೂಳಿನ ಧ್ರುವೀಕರಣದ ಒಳ್ಳೆಯ ನಕ್ಷೆ ಅವರ ಕೈಯಲ್ಲಿರಲಿಲ್ಲ. ಪ್ಲಾಂಕ್ ಉಪಗ್ರಹ 353 ಗಿಗಾಹರ್ಟ್ಸ್‌ನಲ್ಲೂ ನೋಡಿತ್ತು, ದೂಳು ಜಾಸ್ತಿ ಹೊಳೆಯುವುದು ಅಲ್ಲೇ. 2014ರ ಸೆಪ್ಟೆಂಬರ್‌ನಲ್ಲಿ ಪ್ಲಾಂಕ್ ತಂಡ ಲೆಕ್ಕ ಮುಂದಿಟ್ಟಾಗ, ಆ ತುಂಡಿನ ದೂಳೊಂದೇ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಸುರುಳಿ ಕೊಡಬಹುದು ಅಂತ ಗೊತ್ತಾಯಿತು.

“ಸರಿಪಡಿಸಿಕೊಂಡರು.” ಹೇಗೆ? ಇದನ್ನು ಬರೆಯಿರಿ. ಪೈಪೋಟಿಯಲ್ಲಿದ್ದ ಎರಡು ತಂಡಗಳು ತಮ್ಮ ದತ್ತಾಂಶವನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದವು. ಅಲೆಗಳ ಬಲವನ್ನು ಆರಂಭದ ಸಾಂದ್ರತೆಯ ಏರುಪೇರುಗಳ ಬಲಕ್ಕೆ ಹೋಲಿಸುವ ‘ಆರ್’ ಎಂಬ ಸಂಖ್ಯೆಯೊಂದಿದೆ. ಮೊದಲು ಅದು 0.2 ಎಂದು ಘೋಷಿಸಿದ್ದರು. ಜಂಟಿ ವಿಶ್ಲೇಷಣೆ ಅದು 0.12ಕ್ಕಿಂತ ಕಡಿಮೆ ಇರಬೇಕು ಎಂದಿತು. ಆಮೇಲೆ ಧ್ರುವದ ದೂರದರ್ಶಕಗಳು 95, 150, 220 ಗಿಗಾಹರ್ಟ್ಸ್ ಮೂರರಲ್ಲೂ ನೋಡತೊಡಗಿದವು. 2021ರಲ್ಲಿ ಆ ಮಿತಿ 0.036ಕ್ಕೆ ಇಳಿಯಿತು. ಈ ಇಳಿಕೆಯಲ್ಲೇ ಆರಂಭದ ಆ ದಿಢೀರ್ ಉಬ್ಬುವಿಕೆಯ ಕೆಲವು ಸರಳ ಸಿದ್ಧಾಂತಗಳು ಬಿದ್ದುಹೋದವು. ಅಲೆ ಸಿಗದೆಯೂ ನಮಗೆ ಇಷ್ಟು ತಿಳಿದಿದೆ. ನಿಮ್ಮ ಲೇಖನದಲ್ಲಿ ಈ ಸಂಖ್ಯೆ ಒಂದು ಕಡೆಯೂ ಇಲ್ಲ, ಅಲ್ವಾ?

ಹಾಗಾಗಿ ಇಡೀ ಲೇಖನ ತಿದ್ದಲು ಈಗಲೇ ಕೂರಬೇಡಿ. ದೂಳಿನ ಮೂರು ಸಾಲನ್ನು ಎರಡು ಪುಟ ಮಾಡಿ, ಅದಷ್ಟನ್ನೇ ಮೊದಲು ಕಳಿಸಿ. ಬಿ-ಮೋಡ್ ಸುರುಳಿಯ ಒಂದು ಚಿತ್ರವೂ ಬೇಕು, ಪೆನ್ಸಿಲ್‌ನಲ್ಲಿ ಬರೆದದ್ದಾದರೂ ಸಾಕು. ಮೊದಲ ವಾಕ್ಯವನ್ನು ಆಮೇಲೆ ಇಬ್ಬರೂ ಕೂತು ಬರೆಯೋಣ.